ಬೊಸೆಂಟಾನ್ ಮಾತ್ರೆ: ನಾರುಗಟ್ಟಿದ ಶ್ವಾಸಕೋಶಕ್ಕೆ 14 ತಿಂಗಳು ಬಳಸಿದ ಮೇಲಿನ ವಿಮರ್ಶೆ

ಈ ವಿಮರ್ಶೆ ಬೊಸೆಂಟಾನ್ ಎಂಬ ಮಾತ್ರೆಯದ್ದು. ನನ್ನ ತಂದೆಯವರು ಇದನ್ನು 14 ತಿಂಗಳು ಸೇವಿಸಿದರು. ವಾರದ ಮಾತ್ರೆಗಳನ್ನು ಡಬ್ಬಿಯ ಖಾನೆಗಳಲ್ಲಿ ಜೋಡಿಸುವುದು, ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಕರೆದೊಯ್ಯುವುದು, ಬಂದ ಅಂಕಿಗಳನ್ನು ನೋಟ್‌ಪುಸ್ತಕದಲ್ಲಿ ಬರೆದಿಡುವುದು ನನ್ನ ಪಾಲಿನ ಕೆಲಸವಾಗಿತ್ತು. ಆ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವನು; ಆದುದರಿಂದ ಮಾತ್ರೆ ಯಾವ ಕೋಶದಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿಯದೆ ಅದನ್ನು ಅಪ್ಪನ ಅಂಗೈಗೆ ಇಡಲು ನನಗೆ ಮನಸ್ಸು ಒಪ್ಪುತ್ತಿರಲಿಲ್ಲ. ತಿಳಿಯುತ್ತಾ ಹೋದಂತೆ ಈ ಮಾತ್ರೆಯ ಬಗ್ಗೆ ಮೊದಲು ಹುಟ್ಟಿದ ಭರವಸೆ, ಅದು ಕರಗಿದ ಬಗೆ, ಎರಡಕ್ಕೂ ಒಂದೇ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಒಂದು ಪುಟ್ಟ ಸರಪಳಿ, ಕಾರಣವೆಂದು ಗೊತ್ತಾಯಿತು.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಶ್ವಾಸಕೋಶದ ಅಪಧಮನಿಯಲ್ಲೇ ಹುಟ್ಟುವ ಅಧಿಕ ರಕ್ತದೊತ್ತಡಕ್ಕೆ ಬೊಸೆಂಟಾನ್ ಪರೀಕ್ಷೆಗೊಳಗಾಗಿ ಗೆದ್ದ ಔಷಧ. ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್ ಎಂಬ ಕಾಯಿಲೆಗೆ, ಅಂದರೆ ಕಾರಣ ತಿಳಿಯದೆ ಶ್ವಾಸಕೋಶ ಒಳಗೊಳಗೇ ಗಾಯದ ಕಲೆಗಟ್ಟಿ ನಾರಿನಂತೆ ಗಡುಸಾಗುವ ಕಾಯಿಲೆಗೆ, ಅದರಿಂದ ಪ್ರಯೋಜನವಿಲ್ಲ. ವೈದ್ಯರೂ ರೋಗಿಗಳೂ ಐಪಿಎಫ್ ಎಂದು ಚಿಕ್ಕದಾಗಿ ಕರೆಯುವ ಈ ಕಾಯಿಲೆಯವರ ಚೀಟಿಯಲ್ಲಿ ಬೊಸೆಂಟಾನ್, ಅದೇ ಕುಟುಂಬದ ಆಂಬ್ರಿಸೆಂಟಾನ್, ಮ್ಯಾಸಿಟೆಂಟಾನ್ ಇವುಗಳಲ್ಲಿ ಯಾವುದಾದರೊಂದು ಕಂಡುಬಂದರೆ, ಅದನ್ನು ಯಾಕೆ ಬರೆದಿದ್ದಾರೆ ಎಂದು ಕೇಳುವ ಹಕ್ಕು ಮನೆಯವರಿಗಿದೆ. ನಾನು ಕೇಳುವಲ್ಲಿ ತಡಮಾಡಿದೆ.

ಅಪ್ಪನಿಗೆ ಆಗ 68 ವರ್ಷ. ಎರಡು ವರ್ಷಗಳಿಂದ ಬಿಡದ ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು, ಬೆರಳ ತುದಿಗಳು ಗುಂಡಗೆ ಉಬ್ಬಿ ಉಗುರುಗಳು ಬಾಗಿದ್ದುದು, ಇವಿಷ್ಟೂ ವಯಸ್ಸಿನ ಲಕ್ಷಣಗಳೆಂದು ನಾವು ತಳ್ಳಿಹಾಕಿದ್ದೆವು. ವೈದ್ಯರು ಬೆನ್ನಿನ ಕೆಳಭಾಗಕ್ಕೆ ಸ್ಟೆತಾಸ್ಕೋಪ್ ಇಟ್ಟಾಗ ಅಂಟುಪಟ್ಟಿಯನ್ನು ಪರಪರನೆ ಬಿಡಿಸಿದಂತಹ ಸದ್ದು ಕೇಳಿಸಿತಂತೆ. ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶದ ತಳದಲ್ಲಿ, ಅಂಚಿನುದ್ದಕ್ಕೂ ಜೇನುಗೂಡಿನಂತಹ ಖಾಲಿ ಗೂಡುಗಳು ಸಾಲುಗಟ್ಟಿದ್ದವು. ಕಾಯಿಲೆಯ ಹೆಸರಿನ ಬಗ್ಗೆ ಅನುಮಾನ ಉಳಿಯಲಿಲ್ಲ. ಅದೇ ವಾರ ಮಾಡಿದ ಎಕೋ ಪರೀಕ್ಷೆಯಲ್ಲಿ ಶ್ವಾಸಕೋಶದ ಅಪಧಮನಿಯ ಒತ್ತಡ ಹೆಚ್ಚಿರುವಂತೆ ಕಂಡಿತು. ಆ ಒಂದು ಅಂಕಿಯ ಆಧಾರದ ಮೇಲೆ, ಒತ್ತಡವೂ ಇಳಿಯುತ್ತದೆ, ನಾರುಗಟ್ಟುವುದೂ ನಿಧಾನವಾಗುತ್ತದೆ ಎಂದು ಹೇಳಿ ನಮ್ಮ ಮೊದಲ ವೈದ್ಯರು ಬೊಸೆಂಟಾನ್ ಬರೆದುಕೊಟ್ಟರು.

ಈ ಮಾತ್ರೆ ತಡೆಯುವುದು ಎಂಡೋಥೀಲಿನ್-1 ಎಂಬ ಪೆಪ್ಟೈಡನ್ನು. ಆದುದರಿಂದ ಮಾತ್ರೆಯನ್ನು ಅಳೆಯುವ ಮೊದಲು ಪೆಪ್ಟೈಡನ್ನು ಅರಿಯಬೇಕು. 1988ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಮಸಾಶಿ ಯಾನಾಗಿಸಾವಾ, ತೊಮೊಹ್ ಮಸಾಕಿ ಮತ್ತು ಅವರ ಸಂಗಡಿಗರು ಹಂದಿಯ ಮಹಾಪಧಮನಿಯ ಒಳಪದರದ ಕೋಶಗಳನ್ನು ಬೆಳೆಸಿದ ದ್ರವದಿಂದ ಇದನ್ನು ಬೇರ್ಪಡಿಸಿದರು. ರಕ್ತನಾಳದ ಒಳಪದರಕ್ಕೆ ಎಂಡೋಥೀಲಿಯಂ ಎಂಬ ಹೆಸರಿರುವುದರಿಂದ ಪೆಪ್ಟೈಡಿಗೂ ಆ ಹೆಸರೇ ಬಂತು. ಕೇವಲ 21 ಅಮೈನೋ ಆಮ್ಲಗಳ ಸರಪಳಿ ಇದು. ಗಂಧಕದ ಎರಡು ಸೇತುವೆಗಳು ಅದನ್ನು ಬಿಗಿದು ಹಿಡಿದಿವೆ. ಇಷ್ಟು ಪುಟ್ಟ ಅಣು ರಕ್ತನಾಳವನ್ನು ಸಂಕುಚಿಸುವ ಶಕ್ತಿಯಲ್ಲಿ ಅಂದು ತಿಳಿದಿದ್ದ ಎಲ್ಲ ವಸ್ತುಗಳನ್ನೂ ಮೀರಿಸಿತು. ಆಮೇಲೆ ಹೋಲಿಸಿ ನೋಡಿದಾಗ, ನೆಲದೊಳಗೆ ಬಿಲ ಕೊರೆದು ಬದುಕುವ ಒಂದು ಜಾತಿಯ ಹಾವಿನ ವಿಷದಲ್ಲಿರುವ ಸಾರಾಫೋಟಾಕ್ಸಿನ್ ಎಂಬ ಪೆಪ್ಟೈಡಿಗೂ ಇದಕ್ಕೂ ರಚನೆಯಲ್ಲಿ ಹತ್ತಿರದ ಹೋಲಿಕೆ ಇರುವುದು ಗೊತ್ತಾಯಿತು. ಹಾವು ಬೇಟೆಯನ್ನು ಕೊಲ್ಲಲು ಇಟ್ಟುಕೊಂಡ ಅಣುವಿನ ಬಂಧು ನಮ್ಮ ರಕ್ತನಾಳಗಳಲ್ಲಿ ದಿನವೂ ತಯಾರಾಗುತ್ತಿದೆ ಎಂಬುದನ್ನು ಓದಿದ ದಿನ ನಾನು ಪಾಠದ ಟಿಪ್ಪಣಿಯನ್ನು ಬದಿಗಿಟ್ಟು ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕುಳಿತಿದ್ದೆ.

ಕೋಶ ಇದನ್ನು ನೇರವಾಗಿ ತಯಾರಿಸುವುದಿಲ್ಲ. ಮೊದಲು 212 ಅಮೈನೋ ಆಮ್ಲಗಳ ಉದ್ದನೆಯ ಸರಪಳಿ ಹುಟ್ಟುತ್ತದೆ. ಅದನ್ನು ಕತ್ತರಿಸಿದಾಗ 38 ಅಮೈನೋ ಆಮ್ಲಗಳ ‘ಬಿಗ್ ಎಂಡೋಥೀಲಿನ್’ ಉಳಿಯುತ್ತದೆ. ಎಂಡೋಥೀಲಿನ್ ಪರಿವರ್ತಕ ಕಿಣ್ವ ಅದನ್ನು ಇನ್ನೊಮ್ಮೆ ಕತ್ತರಿಸಿದ ಮೇಲೆಯೇ ಕೆಲಸ ಮಾಡಬಲ್ಲ 21ರ ಪೆಪ್ಟೈಡ್ ಸಿಗುತ್ತದೆ. ಇದರ ಸಂದೇಶವನ್ನು ಪಡೆಯುವ ಗ್ರಾಹಕಗಳು ಎರಡು ಬಗೆ, ಎ ಮತ್ತು ಬಿ. ರಕ್ತನಾಳದ ಸ್ನಾಯುವಿನ ಮೇಲಿರುವ ಎ ಗ್ರಾಹಕಕ್ಕೆ ಪೆಪ್ಟೈಡ್ ಕೂತರೆ ನಾಳ ಬಿಗಿಯುತ್ತದೆ, ಸ್ನಾಯುಕೋಶಗಳು ಹೆಚ್ಚುತ್ತವೆ. ಬಿ ಗ್ರಾಹಕದ ನಡೆ ಬೇರೆ. ಒಳಪದರದಲ್ಲಿರುವ ಬಿ ಗ್ರಾಹಕ ನೈಟ್ರಿಕ್ ಆಕ್ಸೈಡನ್ನೂ ಪ್ರೊಸ್ಟಾಸೈಕ್ಲಿನನ್ನೂ ಬಿಡುಗಡೆ ಮಾಡಿಸಿ ನಾಳವನ್ನು ಸಡಿಲಿಸುತ್ತದೆ; ಅದಲ್ಲದೆ ರಕ್ತದಲ್ಲಿ ಹರಿಯುವ ಎಂಡೋಥೀಲಿನ್ನನ್ನು ಹಿಡಿದು ಕೋಶದೊಳಗೆ ಎಳೆದುಕೊಂಡು ಕರಗಿಸುವ ಕೆಲಸವನ್ನೂ ಅದೇ ಮಾಡುತ್ತದೆ, ಮತ್ತು ಈ ಶುಚಿಗೊಳಿಸುವಿಕೆ ಬಹುಮಟ್ಟಿಗೆ ನಡೆಯುವುದು ಶ್ವಾಸಕೋಶದಲ್ಲಿಯೇ. ಬೊಸೆಂಟಾನ್ ಎ ಮತ್ತು ಬಿ ಎರಡನ್ನೂ ಮುಚ್ಚುತ್ತದೆ. ಮ್ಯಾಸಿಟೆಂಟಾನ್ ಸಹ ಎರಡನ್ನೂ ಮುಚ್ಚುತ್ತದೆ. ಆಂಬ್ರಿಸೆಂಟಾನ್ ಮುಖ್ಯವಾಗಿ ಎಯನ್ನು ಮಾತ್ರ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಕ್ತನಾಳದ ಪೆಪ್ಟೈಡಿಗೂ ಗಾಳಿಚೀಲಗಳ ನಡುವಿನ ಗಾಯದ ಕಲೆಗೂ ಏನು ನಂಟು ಎಂಬ ಪ್ರಶ್ನೆಗೆ 1993ರಿಂದಲೇ ಉತ್ತರಗಳು ಬರತೊಡಗಿದ್ದವು. ಐಪಿಎಫ್ ರೋಗಿಗಳ ಶ್ವಾಸಕೋಶದ ತುಣುಕುಗಳಲ್ಲಿ ಎಂಡೋಥೀಲಿನ್-1 ಆರೋಗ್ಯವಂತರಿಗಿಂತ ಹೆಚ್ಚಾಗಿತ್ತು. ರಕ್ತನಾಳಗಳಲ್ಲಿ ಮಾತ್ರವೇ ಅಲ್ಲದೆ ಶ್ವಾಸನಾಳದ ಒಳಪದರದಲ್ಲಿಯೂ ಗಾಳಿಚೀಲದ ಎರಡನೆಯ ಬಗೆಯ ಕೋಶಗಳಲ್ಲಿಯೂ ಅದು ಕಂಡಿತು. ಪ್ರಯೋಗಾಲಯದಲ್ಲಿ ಫೈಬ್ರೋಬ್ಲಾಸ್ಟ್ ಎಂಬ ನಾರುಕೋಶಗಳಿಗೆ ಈ ಪೆಪ್ಟೈಡನ್ನು ಸೇರಿಸಿದರೆ ಅವು ಮಯೋಫೈಬ್ರೋಬ್ಲಾಸ್ಟ್‌ಗಳಾಗಿ ಮಾರ್ಪಡುತ್ತವೆ. ಗಾಯವನ್ನು ಎಳೆದು ಮುಚ್ಚುವ, ಕೊಲಾಜೆನ್ ಎಂಬ ನಾರಿನ ಪ್ರೋಟೀನನ್ನು ಸುರಿಯುವ ಕೋಶಗಳು ಇವು; ಚರ್ಮದ ಗಾಯ ಮಾಯ್ದ ಮೇಲೆ ಇವು ಸಾಯಬೇಕು, ಐಪಿಎಫ್ ಶ್ವಾಸಕೋಶದಲ್ಲಿ ಸಾಯದೆ ಉಳಿದು ಕೆಲಸ ಮುಂದುವರಿಸುತ್ತವೆ. ಗಾಳಿಚೀಲದ ಕೋಶಗಳು ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಂಕೇತ ಅಣುವನ್ನು ಹೆಚ್ಚಾಗಿ ಬಿಡುವಂತೆಯೂ ಎಂಡೋಥೀಲಿನ್ ಪ್ರೇರೇಪಿಸುತ್ತದೆ. ನಾರುಗಟ್ಟುವ ಕಾಯಿಲೆಗಳಲ್ಲೆಲ್ಲ ಮುಂದಾಳುವೆಂದು ಗುರುತಿಸಲಾದ ಅಣು ಅದು. ಟಿಜಿಎಫ್-ಬೀಟಾ ಮರಳಿ ಎಂಡೋಥೀಲಿನ್ನನ್ನು ಹೆಚ್ಚಿಸುತ್ತದೆ. ಒಂದು ಮತ್ತೊಂದಕ್ಕೆ ಗಾಳಿ ಹಾಕುವ ಈ ಸುತ್ತನ್ನು ಎಲ್ಲಿಯಾದರೂ ತುಂಡರಿಸಿದರೆ ಬೆಂಕಿ ತಗ್ಗಬೇಕಲ್ಲ ಎಂಬ ಆಲೋಚನೆ ಯಾರಿಗಾದರೂ ಬರುವಂಥದ್ದೇ.

ಪ್ರಾಣಿಗಳ ಮೇಲಿನ ಪ್ರಯೋಗಗಳೂ ಆ ಆಲೋಚನೆಗೆ ಬೆಂಬಲ ಕೊಟ್ಟವು. ಮನುಷ್ಯನ ಎಂಡೋಥೀಲಿನ್ ವಂಶವಾಹಿಯನ್ನು ಸೇರಿಸಿ ಬೆಳೆಸಿದ ಇಲಿಗಳ ಶ್ವಾಸಕೋಶ ತಾನಾಗಿ ನಾರುಗಟ್ಟಿತು. ಬ್ಲಿಯೋಮೈಸಿನ್ ಎಂಬ ಕ್ಯಾನ್ಸರ್ ಔಷಧವನ್ನು ಕೊಟ್ಟು ಶ್ವಾಸಕೋಶವನ್ನು ಗಾಯಗೊಳಿಸಿದ ಹೆಗ್ಗಣಗಳಿಗೆ ಬೊಸೆಂಟಾನ್ ಕೊಟ್ಟಾಗ ನಾರು ಕಡಿಮೆ ಬೆಳೆಯಿತು. ನನ್ನ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಇವೆಲ್ಲವನ್ನೂ ಬಾಣಗಳ ಚಿತ್ರ ಬರೆದು ಗುರುತಿಸಿದ್ದೇನೆ. ಪೆಪ್ಟೈಡ್ ಕಲೆಯ ಜಾಗದಲ್ಲೇ ಇದೆ, ಕಲೆ ಮಾಡುವ ಕೋಶವನ್ನು ಎಬ್ಬಿಸುತ್ತದೆ, ತಡೆದರೆ ಪ್ರಾಣಿಗಳಲ್ಲಿ ಗುಣ ಕಾಣುತ್ತದೆ. ಈ ಮೂರು ಮಾತುಗಳಲ್ಲಿ ಸುಳ್ಳು ಒಂದೂ ಇಲ್ಲ. ಆ ಪುಟವನ್ನು ಬರೆದ ರಾತ್ರಿ ಅಪ್ಪನಿಗೆ ಸರಿಯಾದ ಮಾತ್ರೆಯೇ ಸಿಕ್ಕಿದೆ ಎಂಬ ನೆಮ್ಮದಿಯಿಂದ ಮಲಗಿದ್ದೆ.

ಇನ್ನು ಮಾತ್ರೆಯ ಬಳಕೆಯ ವಿಷಯ. ಮೊದಲ ನಾಲ್ಕು ವಾರ 62.5 ಮಿಲಿಗ್ರಾಂನ ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು. ಆಮೇಲೆ 125 ಮಿಲಿಗ್ರಾಂನದು ಅದೇ ಹೊತ್ತಿಗೆ. ಊಟದೊಂದಿಗೂ ಬರಿ ಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದಾದ್ದರಿಂದ ಅಪ್ಪನಿಗೆ ಕಷ್ಟವೆನಿಸಲಿಲ್ಲ. ಮಾತ್ರೆ ಚಿಕ್ಕದು, ನುಂಗಲು ಸುಲಭ, ರುಚಿಯ ತೊಂದರೆಯಿಲ್ಲ. ನುಂಗುವುದಕ್ಕಿಂತ ಕಾಯುವುದು ದೊಡ್ಡ ಕೆಲಸ. ಬೊಸೆಂಟಾನ್ ಯಕೃತ್ತಿನ ಕೋಶದಿಂದ ಪಿತ್ತಲವಣವನ್ನು ಹೊರಗೆ ಸಾಗಿಸುವ ಪಂಪನ್ನು ತಡೆಯುತ್ತದೆ. ಪಿತ್ತಲವಣ ಒಳಗೇ ನಿಂತು ಕೋಶಕ್ಕೆ ಹಾನಿಯಾಗಬಹುದು. ಹಾಗಾಗಿ ಮಾತ್ರೆ ನಿಲ್ಲಿಸುವ ತನಕವೂ ಪ್ರತಿ ತಿಂಗಳು ಯಕೃತ್ತಿನ ಕಿಣ್ವಗಳ ಪರೀಕ್ಷೆ ಕಡ್ಡಾಯ. ಐದನೆಯ ತಿಂಗಳಲ್ಲಿ ಅಪ್ಪನ ರಕ್ತದಲ್ಲಿ ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವ ಸಾಮಾನ್ಯ ಮಿತಿಯ ಮೂರು ಪಟ್ಟನ್ನು ದಾಟಿತು. ಮಾತ್ರೆ ನಿಲ್ಲಿಸಿ, ಆರು ವಾರ ಕಾದು, ಅಂಕಿ ಇಳಿದ ಮೇಲೆ ಮತ್ತೆ ಚಿಕ್ಕ ಪ್ರಮಾಣದಿಂದ ಆರಂಭಿಸಬೇಕಾಯಿತು. ಆ ಆರು ವಾರ ಕಲೆಯು ತಡೆಯಿಲ್ಲದೆ ಬೆಳೆಯುತ್ತಿದೆ ಎಂದು ನಾನು ಅಂಜಿದ್ದೆ. ಆ ಅಂಜಿಕೆಗೆ ಆಧಾರವಿರಲಿಲ್ಲವೆಂದು ತಿಳಿದದ್ದು ತಡವಾಗಿ.

ಎರಡನೆಯ ತೊಂದರೆ ನೀರು ತುಂಬಿಕೊಳ್ಳುವುದು. ಮೂರನೆಯ ವಾರದಿಂದಲೇ ಸಂಜೆಯಾಗುತ್ತಲೂ ಅಪ್ಪನ ಕಣಕಾಲುಗಳು ಊದಿಕೊಳ್ಳುತ್ತಿದ್ದವು. ಕಾಲುಚೀಲದ ಗುರುತು ಬೆಳಗಿನವರೆಗೂ ಹೋಗುತ್ತಿರಲಿಲ್ಲ. ಹಿಮೋಗ್ಲೋಬಿನ್ 13.8ರಿಂದ 12.6ಕ್ಕೆ ಇಳಿಯಿತು, ಅದೂ ಈ ಔಷಧದ ತಿಳಿದ ಪರಿಣಾಮವೇ. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಲೇಬೇಕು: ಬೊಸೆಂಟಾನ್ ಯಕೃತ್ತಿನ ಕೆಲವು ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ ಮುಂತಾದವುಗಳ ಶಕ್ತಿ ತಗ್ಗುತ್ತದೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಮತ್ತು ಸಕ್ಕರೆ ಕಾಯಿಲೆಯ ಗ್ಲೈಬುರೈಡ್ ಇದರೊಂದಿಗೆ ಸೇರಲೇಬಾರದು, ಗರ್ಭಿಣಿಯರು ಇದನ್ನು ಸೇವಿಸಿದರೆ ಶಿಶುವಿಗೆ ಗಂಭೀರ ಹಾನಿಯಾಗಬಹುದು. ಇದೇ ಕುಟುಂಬದ ಸಿಟಾಕ್ಸೆಂಟಾನ್ ಎಂಬ ಮಾತ್ರೆಯನ್ನು ಯಕೃತ್ತಿನ ಮಾರಕ ಹಾನಿಯ ಕಾರಣಕ್ಕೆ 2010ರ ಕೊನೆಯಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಇಷ್ಟೆಲ್ಲ ಕಾವಲು ಬೇಡುವ ಮಾತ್ರೆ ಅದಕ್ಕೆ ತಕ್ಕ ಫಲವನ್ನು ಕೊಡುವುದಾದರೆ ಕಾವಲು ಕಾಯಲು ನಾವು ಸಿದ್ಧರಿದ್ದೆವು.

ಫಲವನ್ನು ಅಳೆಯುವ ಮುಖ್ಯ ಅಂಕಿ ಎಫ್‌ವಿಸಿ: ಪೂರ್ತಿ ಉಸಿರೆಳೆದು ಬಲವಾಗಿ ಊದಿದಾಗ ಹೊರಬರುವ ಗಾಳಿಯ ಒಟ್ಟು ಪ್ರಮಾಣ. ಅಪ್ಪನದು ಮಾತ್ರೆ ಆರಂಭಿಸಿದಾಗ 2.41 ಲೀಟರ್, 14 ತಿಂಗಳ ನಂತರ 2.12 ಲೀಟರ್. ಸುಮಾರು 290 ಮಿಲಿಲೀಟರ್ ಕಳೆದುಹೋಗಿತ್ತು. ಆರು ನಿಮಿಷ ನಡೆಸಿ ಅಳೆಯುವ ದೂರವೂ ಕುಗ್ಗಿತು. ನಡಿಗೆಯ ಕೊನೆಯಲ್ಲಿ ಬೆರಳಿನ ಆಕ್ಸಿಮೀಟರ್ 88ರ ಬದಲು 84 ತೋರಿಸತೊಡಗಿತು. ಮಾತ್ರೆಯಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ಕಾಯಿಲೆಯೇ ಹಾಗೆ ಸಾಗುವಂಥದ್ದು. ಒಬ್ಬ ರೋಗಿಯ ಅಂಕಿಗಳಿಂದ ಒಂದು ಔಷಧಕ್ಕೆ ಶ್ರೇಯಸ್ಸನ್ನೂ ಕಟ್ಟಲಾಗದು, ದೋಷವನ್ನೂ ಹೊರಿಸಲಾಗದು. ಆದ್ದರಿಂದಲೇ ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಅದನ್ನೇ ಹೋಲುವ ಹುಸಿಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳನ್ನು ಹುಡುಕಿದೆ. ಅವು ಅಪ್ಪನ ಚೀಟಿ ಬರೆಯುವುದಕ್ಕಿಂತ ಎಷ್ಟೋ ಮೊದಲೇ ಮುಗಿದಿದ್ದವು.

ಮೊದಲನೆಯದರ ಹೆಸರು ಬಿಲ್ಡ್-1. ಫಲಿತಾಂಶ ಪ್ರಕಟವಾದದ್ದು 2008ರಲ್ಲಿ, ರೋಗಿಗಳು 158. ಒಂದು ವರ್ಷದ ಕೊನೆಯಲ್ಲಿ ಆರು ನಿಮಿಷದ ನಡಿಗೆಯಲ್ಲಿ ಬೊಸೆಂಟಾನ್ ಗುಂಪಿಗೆ ಯಾವ ಮೇಲುಗೈಯೂ ಸಿಗಲಿಲ್ಲ. ಆದರೆ ಇದೇ ಅಂಕಿಗಳನ್ನು ಬಗೆದು ನೋಡಿದಾಗ, ಶಸ್ತ್ರಕ್ರಿಯೆಯಿಂದ ಶ್ವಾಸಕೋಶದ ತುಣುಕು ತೆಗೆದು ಕಾಯಿಲೆಯನ್ನು ಖಚಿತಪಡಿಸಿಕೊಂಡವರಲ್ಲಿ ಕಾಯಿಲೆ ಉಲ್ಬಣಿಸುವುದು ಅಥವಾ ಸಾವು ತುಸು ತಡವಾಗುತ್ತಿದೆಯೇನೋ ಎಂಬ ಸುಳಿವು ಕಂಡಿತು. ಆ ಸುಳಿವನ್ನು ಹಾಗೆಯೇ ನಂಬದೆ ಪರೀಕ್ಷೆಗೆ ಒಡ್ಡಿದ್ದು ಸಂಶೋಧಕರ ದೊಡ್ಡತನ ಎಂದು ನಾನು ಭಾವಿಸುತ್ತೇನೆ. ಅಂಥ ರೋಗಿಗಳನ್ನೇ 616 ಮಂದಿಯನ್ನು ಸೇರಿಸಿಕೊಂಡು ಬಿಲ್ಡ್-3 ನಡೆಯಿತು. 2011ರಲ್ಲಿ ಹೊರಬಂದ ಉತ್ತರ ಸ್ಪಷ್ಟವಾಗಿತ್ತು: ಕಾಯಿಲೆಯ ಉಲ್ಬಣ ಅಥವಾ ಸಾವಿನ ವಿಷಯದಲ್ಲಿ ಬೊಸೆಂಟಾನಿಗೂ ಹುಸಿಮಾತ್ರೆಗೂ ಗಣನೆಗೆ ಬರುವ ವ್ಯತ್ಯಾಸವಿಲ್ಲ. ಸ್ಕ್ಲೀರೋಡರ್ಮಾ ಎಂಬ ಚರ್ಮ ಬಿಗಿಯುವ ಕಾಯಿಲೆಯಿಂದ ಶ್ವಾಸಕೋಶ ನಾರುಗಟ್ಟಿದವರಲ್ಲಿ ನಡೆದ ಬಿಲ್ಡ್-2 ಕೂಡ ಹಾಗೆಯೇ ಮುಗಿಯಿತು. ಮ್ಯಾಸಿಟೆಂಟಾನನ್ನು 178 ಐಪಿಎಫ್ ರೋಗಿಗಳಲ್ಲಿ ಪರೀಕ್ಷಿಸಿದ ಮ್ಯೂಸಿಕ್ ಪ್ರಯೋಗದಲ್ಲಿ, 12 ತಿಂಗಳಲ್ಲಿ ಎಫ್‌ವಿಸಿ ಇಳಿದದ್ದು ಎರಡೂ ಗುಂಪಿನಲ್ಲಿ ಮಧ್ಯಮಾಂಕದ ಲೆಕ್ಕದಲ್ಲಿ 0.20 ಲೀಟರ್. ದಶಮಾಂಶದವರೆಗೂ ಒಂದೇ.

ಆಂಬ್ರಿಸೆಂಟಾನಿನ ಕಥೆ ಇವಕ್ಕಿಂತ ನೋವಿನದು. ಬಿ ಗ್ರಾಹಕವನ್ನು ಮುಟ್ಟದೆ ಎಯನ್ನು ಮಾತ್ರ ಮುಚ್ಚಿದರೆ, ಎಂಡೋಥೀಲಿನ್ನನ್ನು ಶುಚಿಗೊಳಿಸುವ ಕೆಲಸ ನಡೆಯುತ್ತಲೇ ಇರುತ್ತದೆ, ಕೇಡು ಮಾಡುವ ಸಂದೇಶ ಮಾತ್ರ ನಿಲ್ಲುತ್ತದೆ ಎಂಬ ಯೋಚನೆ ಕಾಗದದ ಮೇಲೆ ಬೊಸೆಂಟಾನಿಗಿಂತಲೂ ಅಚ್ಚುಕಟ್ಟಾದದ್ದು. ಆರ್ಟೆಮಿಸ್-ಐಪಿಎಫ್ ಎಂಬ ಪ್ರಯೋಗದಲ್ಲಿ 492 ರೋಗಿಗಳು ಸೇರಿದ್ದಾಗಲೇ, ಫಲ ಸಿಗುವ ಸಾಧ್ಯತೆಯಿಲ್ಲವೆಂದು ಅದನ್ನು ಅರ್ಧದಲ್ಲಿ ನಿಲ್ಲಿಸಲಾಯಿತು. 2013ರಲ್ಲಿ ಪ್ರಕಟವಾದ ಅಂಕಿಗಳಂತೆ, ಆಂಬ್ರಿಸೆಂಟಾನ್ ಪಡೆದವರಲ್ಲಿ ಶೇಕಡ 27.4ರಷ್ಟು ಮಂದಿಯ ಕಾಯಿಲೆ ಮುಂದುವರಿದಿತ್ತು. ಹುಸಿಮಾತ್ರೆ ಪಡೆದವರಲ್ಲಿ ಶೇಕಡ 17.2. ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದವರು ಶೇಕಡ 13.4 ಮತ್ತು 5.5. ಔಷಧ ನಿಷ್ಫಲವಾದದ್ದಷ್ಟೇ ಅಲ್ಲ, ಹಾನಿಯನ್ನೂ ಮಾಡುತ್ತಿತ್ತು. ಆ ಪ್ರಯೋಗಕ್ಕೆ ತಮ್ಮ ದೇಹವನ್ನು ಒಪ್ಪಿಸಿದವರಿಗೆ ನಮ್ಮಂಥ ಮನೆಗಳೆಲ್ಲ ಋಣಿ. ಇಂದು ಆಂಬ್ರಿಸೆಂಟಾನಿನ ಅಧಿಕೃತ ಮಾಹಿತಿಪತ್ರದಲ್ಲಿ ಐಪಿಎಫ್ ಇರುವವರಿಗೆ ಇದನ್ನು ಕೊಡಕೂಡದು ಎಂದೇ ಬರೆದಿದೆ. ಅಪಧಮನಿಯ ಒತ್ತಡ ಏರಿರುವ ಐಪಿಎಫ್ ರೋಗಿಗಳಿಗೂ ಈ ನಿಷೇಧ ಅನ್ವಯಿಸುತ್ತದೆ.

ಅಪ್ಪನಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ ಇದೇ ಆಗಿತ್ತು. ನಾರುಗಟ್ಟುವುದು ನಿಲ್ಲದಿದ್ದರೂ ಒತ್ತಡವಾದರೂ ಇಳಿಯಬೇಡವೇ? 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಶ್ವಾಸಕೋಶ ನಾರುಗಟ್ಟಿ ಅದರಿಂದಲೇ ಅಪಧಮನಿಯ ಒತ್ತಡ ಏರಿದ್ದ 60 ರೋಗಿಗಳ ಹೃದಯದ ಬಲಭಾಗಕ್ಕೆ ನಳಿಕೆ ಇಳಿಸಿ, 16 ವಾರ ಬೊಸೆಂಟಾನ್ ಕೊಡುವ ಮೊದಲು ಮತ್ತು ನಂತರ ರಕ್ತನಾಳದ ಪ್ರತಿರೋಧವನ್ನು ಅಳೆದರು. ಅಲ್ಲಿಯೂ ಹುಸಿಮಾತ್ರೆಗಿಂತ ಮೇಲಾದ ಫಲ ಸಿಗಲಿಲ್ಲ. ಈ ಬಗೆಯ ಒತ್ತಡದಲ್ಲಿ ನಾಳಗಳು ಸುತ್ತಲಿನ ನಾರಿನಲ್ಲಿ ಸಿಕ್ಕಿ ಹಿಂಡಲ್ಪಟ್ಟಿರುತ್ತವೆ, ಎಷ್ಟೋ ನಾಳಗಳು ನಾಶವಾಗಿರುತ್ತವೆ. ಸ್ನಾಯುವನ್ನು ಸಡಿಲಿಸುವ ಮಾತ್ರೆ ಅಂಥಲ್ಲಿ ಹೆಚ್ಚು ಮಾಡಲಾರದು. ಮಾಡಿದರೂ ಅಪಾಯ ಬೇರೆಯದು. ಗಾಳಿ ಬಾರದ ಭಾಗಕ್ಕೆ ರಕ್ತ ಹರಿದು ವ್ಯರ್ಥವಾಗದಂತೆ ಆ ಭಾಗದ ನಾಳಗಳನ್ನು ಬಿಗಿಯುವುದು ಶ್ವಾಸಕೋಶದ ಸ್ವಂತ ಜಾಣ್ಮೆ; ಎಲ್ಲ ನಾಳಗಳನ್ನೂ ಒಟ್ಟಿಗೆ ಸಡಿಲಿಸಿದರೆ ಆಮ್ಲಜನಕ ಸಿಗದ ಗೂಡುಗಳ ಮೂಲಕ ರಕ್ತ ಹಾದುಹೋಗಿ, ಮೈಗೆ ತಲುಪುವ ಆಮ್ಲಜನಕ ಇನ್ನೂ ತಗ್ಗಬಹುದು. 88 ಇದ್ದದ್ದು 84 ಆದ ಪುಟವನ್ನು ನಾನು ಮತ್ತೆ ಮತ್ತೆ ತೆರೆದು ನೋಡುವುದು ಈ ಕಾರಣಕ್ಕೆ.

ಪೆಪ್ಟೈಡ್ ಕಲೆಯಲ್ಲಿ ಇದ್ದೂ ಅದನ್ನು ತಡೆದದ್ದರಿಂದ ಕಲೆ ಯಾಕೆ ನಿಲ್ಲಲಿಲ್ಲ ಎಂಬ ಪ್ರಶ್ನೆಗೆ ನಾನು ಓದಿದ ಮಟ್ಟಿಗೆ ಎರಡು ವಿವರಣೆಗಳು ಒಪ್ಪುವಂತಿವೆ. ಬ್ಲಿಯೋಮೈಸಿನ್ ಕೊಟ್ಟ ಪ್ರಾಣಿಗಳಲ್ಲಿ ಮೊದಲು ಉರಿಯೂತ, ಆಮೇಲೆ ನಾರು. ಅದು ಎಷ್ಟೋ ಬಾರಿ ತಾನಾಗಿ ಮಾಯುತ್ತದೆ ಕೂಡ. ಔಷಧವನ್ನು ಹೆಚ್ಚಾಗಿ ಗಾಯದ ಜೊತೆಯಲ್ಲಿಯೇ ಆರಂಭಿಸಿರುತ್ತಾರೆ. ಮನುಷ್ಯನ ಐಪಿಎಫ್ ಪತ್ತೆಯಾಗುವ ಹೊತ್ತಿಗೆ ವರ್ಷಗಟ್ಟಲೆಯ ಕಲೆ ಗಟ್ಟಿಯಾಗಿ ಕೂತಿರುತ್ತದೆ, ಅದು ತಾನಾಗಿ ಮಾಯುವುದಿಲ್ಲ. ಎರಡನೆಯದಾಗಿ, ನಾರುಕೋಶವನ್ನು ಎಬ್ಬಿಸುವ ಸಂದೇಶಗಳು ಹತ್ತಾರು. ಟಿಜಿಎಫ್-ಬೀಟಾ ಶ್ವಾಸಕೋಶದಲ್ಲಿ ನಿಷ್ಕ್ರಿಯ ಪೊಟ್ಟಣವಾಗಿ ಕಟ್ಟಿಟ್ಟಿರುತ್ತದೆ; ಗಾಯಗೊಂಡ ಗಾಳಿಚೀಲದ ಒಳಪದರದ ಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನು ಆ ಪೊಟ್ಟಣವನ್ನು ಎಳೆದು ಬಿಚ್ಚುತ್ತದೆ, ಮತ್ತು ಕಲೆ ಗಡುಸಾದಷ್ಟೂ ಬಿಚ್ಚುವುದು ಸುಲಭ. ಈ ದಾರಿ ನಡೆಯಲು ಎಂಡೋಥೀಲಿನ್ ಬೇಕಾಗಿಯೇ ಇಲ್ಲ. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲಿನಿಂದ ಸಂದೇಶ ಒಳಗೆ ಬರುತ್ತಲೇ ಇತ್ತು. ನನ್ನ ಮೊದಲ ಪುಟದ ಬಾಣಗಳೆಲ್ಲ ಸರಿಯಾಗಿದ್ದವು, ಬರೆಯದೆ ಬಿಟ್ಟ ಬಾಣಗಳೇ ಹೆಚ್ಚಾಗಿದ್ದವು.

ಇದೇ ಬಗೆಯ ಪೆಟ್ಟು ಐಪಿಎಫ್ ಚಿಕಿತ್ಸೆಗೆ ಹೊಸದೇನೂ ಅಲ್ಲ. ಪ್ರೆಡ್ನಿಸೋನ್, ಅಜಥಿಯೋಪ್ರಿನ್ ಮತ್ತು ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮೂರು ಔಷಧಗಳನ್ನೂ ಸೇರಿಸಿ ಕೊಡುವುದು ವರ್ಷಗಳ ಕಾಲ ರೂಢಿಯಲ್ಲಿತ್ತು. ಪ್ಯಾಂಥರ್ ಎಂಬ ಪ್ರಯೋಗದಲ್ಲಿ ಆ ಗುಂಪಿನವರಲ್ಲಿ ಸಾವು ಮತ್ತು ಆಸ್ಪತ್ರೆ ಸೇರುವಿಕೆ ಹೆಚ್ಚಾದ್ದರಿಂದ ಆ ಚಿಕಿತ್ಸೆಯನ್ನು ನಿಲ್ಲಿಸಿದ್ದು 2012ರಲ್ಲಿ ಪ್ರಕಟವಾಯಿತು.

ಬೊಸೆಂಟಾನನ್ನು ಪೂರ್ತಿ ತಳ್ಳಿಹಾಕುವುದು ಅನ್ಯಾಯವಾದೀತು. ಅಪಧಮನಿಯಲ್ಲೇ ರೋಗವಿರುವ 213 ಮಂದಿಯಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 16 ವಾರಗಳ ನಂತರ ಬೊಸೆಂಟಾನ್ ಗುಂಪಿನವರು ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಹುಸಿಮಾತ್ರೆಯವರಿಗಿಂತ 44 ಮೀಟರ್ ಹೆಚ್ಚಾಗಿತ್ತು. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ದೊರೆತಾಗ ಆ ಕಾಯಿಲೆಗೆ ಬಾಯಿಯ ಮೂಲಕ ಕೊಡುವ ಮೊದಲ ಔಷಧ ಇದಾಗಿತ್ತು. ಅದುವರೆಗೆ ರೋಗಿಗಳು ಹಗಲೂ ರಾತ್ರಿ ನಾಳಕ್ಕೆ ಔಷಧ ಹರಿಸುವ ಪಂಪನ್ನು ಮೈಗೆ ಕಟ್ಟಿಕೊಂಡಿರಬೇಕಾಗಿತ್ತು. ಸ್ಕ್ಲೀರೋಡರ್ಮಾದವರ ಬೆರಳ ತುದಿಯಲ್ಲಿ ಹೊಸ ಹುಣ್ಣುಗಳು ಏಳುವುದನ್ನೂ ಇದು ಕಡಿಮೆ ಮಾಡುತ್ತದೆ. ಎರಡೂ ಕಡೆ ತೊಂದರೆ ಇರುವುದು ನಾಳ ಬಿಗಿಯುವುದರಲ್ಲಿ, ಆದುದರಿಂದ ಪೆಪ್ಟೈಡನ್ನು ತಡೆದದ್ದಕ್ಕೆ ಫಲ ಸಿಕ್ಕಿತು. ಇಂಥ ಕಾಯಿಲೆಗೆ ಇದನ್ನು ಸೇವಿಸುತ್ತಿರುವವರು ನನ್ನ ಬರಹವನ್ನು ಓದಿ ಮಾತ್ರೆ ನಿಲ್ಲಿಸಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಐಪಿಎಫ್ ಇರುವವರೂ ತಾವಾಗಿ ನಿಲ್ಲಿಸದೆ, ಚೀಟಿಯನ್ನು ಹಿಡಿದು ಶ್ವಾಸಕೋಶ ತಜ್ಞರ ಬಳಿ ಹೋಗಬೇಕು.

ನಮ್ಮ ಮೊದಲ ವೈದ್ಯರ ಮೇಲೆ ನನಗೆ ಕೋಪವಿಲ್ಲವೆಂದರೆ ಸುಳ್ಳಾಗುತ್ತದೆ. ಅವರ ಕಾಳಜಿ ನಿಜವಾದದ್ದು, ಪ್ರತಿ ಭೇಟಿಯಲ್ಲೂ ಅಪ್ಪನ ಮಾತನ್ನು ಪೂರ್ತಿ ಕೇಳುತ್ತಿದ್ದರು. ಆದರೂ 2015ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಆಂಬ್ರಿಸೆಂಟಾನ್ ಕೂಡದೆಂದು ಬಲವಾಗಿ, ಬೊಸೆಂಟಾನ್ ಮತ್ತು ಮ್ಯಾಸಿಟೆಂಟಾನ್ ಬೇಡವೆಂದು ಷರತ್ತಿನೊಂದಿಗೆ ಹೇಳಿದ್ದಾಗ, ಅದೇ ಪುಟಗಳಲ್ಲಿ ನಾರುಗಟ್ಟುವುದನ್ನು ನಿಧಾನಗೊಳಿಸುವ ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್ ಎಂಬ ಔಷಧಗಳನ್ನು ಕೊಡಬಹುದೆಂದು ಸೂಚಿಸಿದ್ದಾಗ, ಆ ಎರಡು ಹೆಸರುಗಳು 14 ತಿಂಗಳಲ್ಲಿ ಒಮ್ಮೆಯೂ ನಮ್ಮ ಕಿವಿಗೆ ಬೀಳದಿದ್ದುದು ಸಣ್ಣ ವಿಷಯವಲ್ಲ. ಐಪಿಎಫ್‌ನಲ್ಲಿ ಕಳೆದುಕೊಂಡ ಗಾಳಿಯ ಜಾಗ ಮರಳಿ ಬರುವುದಿಲ್ಲ.

ಎರಡನೆಯ ತಜ್ಞರು ಬೊಸೆಂಟಾನ್ ನಿಲ್ಲಿಸಿ ನಿಂಟೆಡಾನಿಬ್ 150 ಮಿಲಿಗ್ರಾಂನ ಕ್ಯಾಪ್ಸೂಲನ್ನು ದಿನಕ್ಕೆ ಎರಡು ಬಾರಿ ಆರಂಭಿಸಿದರು. ಇದು ಎಂಡೋಥೀಲಿನ್ನಿನ ತಂಟೆಗೆ ಹೋಗುವುದಿಲ್ಲ. ನಾರುಕೋಶಗಳನ್ನು ಬೆಳೆಸುವ ಪಿಡಿಜಿಎಫ್, ಎಫ್‌ಜಿಎಫ್ ಮತ್ತು ನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಮೂರು ಸಂದೇಶಗಳ ಗ್ರಾಹಕಗಳನ್ನು ಒಟ್ಟಿಗೆ ತಡೆಯುತ್ತದೆ. 2014ರಲ್ಲಿ ಪ್ರಕಟವಾದ, ಜೋಡಿಯಾಗಿ ನಡೆದ ಎರಡು ಪ್ರಯೋಗಗಳಲ್ಲಿ ಮೊದಲನೆಯದರಲ್ಲಿ, ವರ್ಷಕ್ಕೆ ಎಫ್‌ವಿಸಿ ಇಳಿಕೆ ಹುಸಿಮಾತ್ರೆಯವರಲ್ಲಿ 239.9 ಮಿಲಿಲೀಟರ್ ಇದ್ದರೆ ನಿಂಟೆಡಾನಿಬ್ ಪಡೆದವರಲ್ಲಿ 114.7. ಬೊಸೆಂಟಾನ್ ಸೇವಿಸುತ್ತಿದ್ದ ಕಾಲದ ಅಪ್ಪನ ಇಳಿಕೆಯನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 250 ಬರುತ್ತದೆ, ಅಂದರೆ ಹುಸಿಮಾತ್ರೆಯ ಗುಂಪಿನ ಸರಾಸರಿಯ ಆಸುಪಾಸು. ನಿಂಟೆಡಾನಿಬ್ ಸುಖದ ಮಾತ್ರೆಯಲ್ಲ. ಪ್ರಯೋಗದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಭೇದಿಯಾಗಿತ್ತು, ಅಪ್ಪನಿಗೂ ಆಯಿತು; ಊಟದ ಜೊತೆಯಲ್ಲೇ ನುಂಗಬೇಕು, ಯಕೃತ್ತಿನ ಪರೀಕ್ಷೆ ಇದಕ್ಕೂ ಬೇಕು. ಕಲೆಯನ್ನು ಅಳಿಸುವ ಶಕ್ತಿ ಇದಕ್ಕಿಲ್ಲ. ಪಿರ್ಫೆನಿಡೋನ್ ನಾವು ಬಳಸಿಲ್ಲವಾದ್ದರಿಂದ ಅದರ ಬಗ್ಗೆ ಬರೆಯುವುದಿಲ್ಲ.

ಬೊಸೆಂಟಾನ್ ನಿಲ್ಲಿಸಿದ ಹತ್ತು ದಿನಗಳಲ್ಲಿ ಕಣಕಾಲಿನ ಊತ ಇಳಿಯಿತು. ಹೊಸ ಔಷಧದ 11 ತಿಂಗಳ ನಂತರ ಕಳೆದ ವಾರ ಮಾಡಿಸಿದ ಪರೀಕ್ಷೆಯಲ್ಲಿ ಎಫ್‌ವಿಸಿ 2.01 ಲೀಟರ್ ಬಂದಿದೆ. ಅಪ್ಪ ಅಂಕಿಯನ್ನು ಕೇಳಿ, ಹಿಂದಿನದೆಷ್ಟು ಎಂದರು. 2.12 ಎಂದೆ. ಮನಸ್ಸಿನಲ್ಲೇ ಕಳೆದು, ಸರಿ ಎಂದು ತಲೆಯಾಡಿಸಿ, ಮುಂದಿನ ಪರೀಕ್ಷೆಯ ತಾರೀಖನ್ನು ನೋಟ್‌ಪುಸ್ತಕದಲ್ಲಿ ತಾವೇ ಬರೆದರು.